ಕಟ್ಟಿಗೆಯೋ, ಅಲ್ಯೂಮಿನಿಯಮ್ಮೋ, ಬಟ್ಟೆಯೋ, ಫೈಬರೋ? ಕಲಬುರಗಿ ಸೀಮೆಯಲ್ಲಿ ಸ್ವಂತ ವಿಮಾನ ಕಟ್ಟುವವರಿಗೆ

ಎರಡು ಸೀಟಿನ ಪುಟ್ಟ ವಿಮಾನವನ್ನು ಸ್ವತಃ ಕಟ್ಟಬೇಕು ಅಂತ ಮನಸ್ಸು ಮಾಡಿದವರು ಮೊದಲು ಸಿಕ್ಕಿಬೀಳುವುದು ಯಾವುದರಲ್ಲಿ ಕಟ್ಟಬೇಕು ಎಂಬಲ್ಲಿ. ಹೊರದೇಶದ ಕೈಪಿಡಿ ಓದಿದರೆ ನಾಲ್ಕೂ ಚೆಂದವೇ. ಆದರೆ ಆ ಕೈಪಿಡಿಗಳ ಹಿಂದೆ ತಂಪು ಹವೆ, ಹುಲ್ಲಿನ ರನ್‌ವೇ, ಎಥನಾಲ್ ಇಲ್ಲದ ಪೆಟ್ರೋಲ್ ಇರುತ್ತವೆ. ನಮ್ಮ ಕಡೆ ಇರುವುದು ತಗಡಿನ ಶೆಡ್ಡು, ಎರೆಹೊಲ ಮತ್ತು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಹಾಗಾಗಿ ಇಲ್ಲಿ ಯಾವ ವಿಮಾನ ಚೆಂದ ಕಾಣುತ್ತದೆ, ಯಾವುದು ಜೋರಾಗಿ ಹೋಗುತ್ತದೆ ಎಂಬುದನ್ನು ಪಕ್ಕಕ್ಕಿಡಿ. ಯಾವುದರ ದೋಷ ಕಣ್ಣಿಗೆ ಕಾಣುತ್ತದೆ, ಯಾವುದನ್ನು ಇಲ್ಲೇ ರಿಪೇರಿ ಮಾಡಬಹುದು, ಯಾವುದು ಬಿಸಿಲಲ್ಲಿ ನೆಲ ಬಿಟ್ಟು ಏಳುತ್ತದೆ ಎಂಬುದನ್ನೇ ಹಿಡಿದು ತೂಗಬೇಕು.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಬಿಸಿಲು. ಕೈಪಿಡಿಯಲ್ಲಿ ಅಚ್ಚಾದ ಟೇಕಾಫ್ ದೂರ ಸಾಮಾನ್ಯವಾಗಿ ಸಮುದ್ರಮಟ್ಟದ, 15 ಡಿಗ್ರಿಯ ಲೆಕ್ಕ. ಎತ್ತರ ಸಾವಿರ ಅಡಿ ಏರಿದಂತೆ ಆ ಪ್ರಮಾಣಿತ ಉಷ್ಣಾಂಶ ಸುಮಾರು 2 ಡಿಗ್ರಿ ಇಳಿಯುತ್ತದೆ. ಅದಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ 120 ಅಡಿ ಕೂಡಿಸಿದರೆ ವಿಮಾನಕ್ಕೆ ‘ಅನಿಸುವ’ ಎತ್ತರ ಸಿಗುತ್ತದೆ. ಬೀದರ್ ಸುಮಾರು 660 ಮೀಟರ್ ಎತ್ತರದಲ್ಲಿದೆ. 40 ಡಿಗ್ರಿ ಬಿಸಿಲಿಗೆ ಅಲ್ಲಿಯ ಗಾಳಿ 5,700 ಅಡಿಯ ಗಾಳಿಯಷ್ಟು ತೆಳು. ಕಲಬುರಗಿ 450 ಮೀಟರ್ ಆಸುಪಾಸು. 42 ಡಿಗ್ರಿಗೆ 5,100 ಅಡಿ. ಅದೇ ಕಲಬುರಗಿಯಲ್ಲಿ ಬೆಳಿಗ್ಗೆ 26 ಡಿಗ್ರಿ ಇದ್ದಾಗ 3,150 ಅಡಿ ಮಾತ್ರ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಬೀದರಿನ ಮಧ್ಯಾಹ್ನಕ್ಕೆ 65 ಅಶ್ವಶಕ್ತಿಯ ಎಂಜಿನ್ 55ಕ್ಕೆ, 100ರ ಎಂಜಿನ್ 84ರ ಹತ್ತಿರಕ್ಕೆ ಇಳಿಯುತ್ತದೆ. ಟೇಕಾಫ್ ಓಟ ಪುಸ್ತಕದಲ್ಲಿದ್ದದ್ದರ ಒಂದೂವರೆ ಪಟ್ಟಾಗುತ್ತದೆ ಎಂದೇ ಹಿಡಿಯಿರಿ. ಮೆತ್ತನೆ ನೆಲವಿದ್ದರೆ ಇನ್ನೂ ಹೆಚ್ಚು.

ಎರಡನೆಯದು ನೆಲ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮಿರಗದ ಮಳೆ ಬಿದ್ದ ಮೇಲೆ ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ತುಂಬಿ ಗಾಲಿಯನ್ನೇ ನಿಲ್ಲಿಸುತ್ತದೆ. ಮೆತ್ತನೆ ನೆಲದಲ್ಲಿ ಓಡುವ ವಿಮಾನಕ್ಕೆ ಮಡ್‌ಗಾರ್ಡ್ ಹಾಕಲೇಬೇಡಿ, ಗಾಲಿ 8.00-6 ಅಳತೆಯದಿರಲಿ (8 ಇಂಚು ಅಗಲದ ಟೈರು, 6 ಇಂಚಿನ ರಿಮ್ಮು). ಬೀದರಿನ ಕೆಂಪು ಮುರುಮಿನ ನೆಲ ಈ ವಿಷಯದಲ್ಲಿ ಪುಣ್ಯದ ನೆಲ. ನೀರು ಬೇಗ ಇಂಗುತ್ತದೆ, ಆದರೆ ಹರಳು ಎದ್ದು ಪ್ರೊಪೆಲ್ಲರ್ ಅಂಚು ತಿನ್ನುತ್ತದೆ. ಶಹಾಪುರ, ಸುರಪುರದ ಕಾಲುವೆ ಸೀಮೆಯಲ್ಲಿ ಗದ್ದೆ ನಡುವೆ ರನ್‌ವೇ ಕನಸು ಕಾಣುವವರು ಮೊದಲು ಒಂದು ಮಳೆಗಾಲ ಆ ನೆಲದ ಮೇಲೆ ಟ್ರ್ಯಾಕ್ಟರ್ ಓಡಿಸಿ ನೋಡಲಿ. ಎಂಜಿನ್ ನಿಂತಾಗ ಇಳಿಯುವ ಜಾಗವೂ ಲೆಕ್ಕಕ್ಕೆ ಬರಬೇಕು. ತೊಗರಿ ಎದೆಯೆತ್ತರ ನಿಂತ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನೆಲಕ್ಕೆ ತಾಗುವಾಗಿನ ವೇಗ ಕಡಿಮೆ ಇದ್ದಷ್ಟೂ ಬದುಕುವ ಅವಕಾಶ ಹೆಚ್ಚು. ಹಾಗಾಗಿ ಸ್ಟಾಲ್ ವೇಗ, ಅಂದರೆ ಯಾವ ವೇಗಕ್ಕಿಂತ ಕೆಳಗೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೋ ಅದು, ಕಡಿಮೆ ಇರುವ ವಿನ್ಯಾಸಕ್ಕೆ ಇಲ್ಲಿ ಹೆಚ್ಚು ಅಂಕ.

ಉಳಿದ ಮೂರು: ನಿಮ್ಮ ಶೆಡ್ಡಿನ ಒಳಗಿನ ಬಿಸಿ ಮತ್ತು ತೇವ, ಕೈಗೆ ಸಿಗುವ ಕೆಲಸಗಾರರು, ಕಾಗದಪತ್ರ. ಕಾಗದಪತ್ರ ಹಗುರವಾಗಿ ತೆಗೆದುಕೊಂಡವರ ವಿಮಾನ ಶೆಡ್ಡಿನಲ್ಲೇ ಮುದಿಯಾಗುತ್ತದೆ. ಮುಂಬೈಯ ಅಮೋಲ್ ಯಾದವ್ ಮಾಳಿಗೆಯ ಮೇಲೆ ಕಟ್ಟಿದ ಆರು ಸೀಟಿನ ವಿಮಾನಕ್ಕೆ 2011ರಲ್ಲಿ ಅರ್ಜಿ ಹಾಕಿದರು, ನೋಂದಣಿ ಸಿಕ್ಕಿದ್ದು 2017ರಲ್ಲಿ. ಅವರು ವೃತ್ತಿಯಿಂದ ಪೈಲಟ್ ಆಗಿದ್ದೂ ಹೀಗೆ. ಹಾಗಾಗಿ ಕಿಟ್‌ಗೆ ದುಡ್ಡು ಕಟ್ಟುವ ಮೊದಲೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಬೆಂಗಳೂರು ಕಚೇರಿಗೆ ನಿಮ್ಮ ವಿನ್ಯಾಸದ ಹೆಸರು, ಗರಿಷ್ಠ ತೂಕ, ಸ್ಟಾಲ್ ವೇಗ ಬರೆದು ಯಾವ ವರ್ಗಕ್ಕೆ ಬರುತ್ತದೆ ಎಂದು ಲಿಖಿತವಾಗಿ ಕೇಳಿ. ಬೀದರ್ ವಾಯುಪಡೆಯ ತರಬೇತಿ ನೆಲೆ. ಅದರ ಸುತ್ತಲಿನ ಆಕಾಶ ನಿಮ್ಮ ಇಷ್ಟದ್ದಲ್ಲ. ಕಲಬುರಗಿಯಲ್ಲಿ 2019ರಿಂದ ನಾಗರಿಕ ನಿಲ್ದಾಣವಿದೆ, ಪೈಲಟ್ ತರಬೇತಿ ಶಾಲೆಗಳೂ ಇವೆ. ಲೈಸೆನ್ಸಿಗೂ, ವಿಮಾನ ರಿಪೇರಿ ಬಲ್ಲವರ ಪರಿಚಯಕ್ಕೂ ಅದೇ ಹತ್ತಿರದ ಬಾಗಿಲು.

ಕಟ್ಟಿಗೆ

ಪೀಟನ್‌ಪೋಲ್ ಏರ್ ಕ್ಯಾಂಪರ್, ಜೋಡೆಲ್, ಮಿನಿಮ್ಯಾಕ್ಸ್ ಇವೆಲ್ಲ ಕಟ್ಟಿಗೆಯವು. ನಕ್ಷೆ ಕೊಂಡು ನಿಧಾನಕ್ಕೆ ಕಟ್ಟಬಹುದು, ದುಡ್ಡು ತಿಂಗಳು ತಿಂಗಳು ಹಾಕಬಹುದು. ನಾಲ್ಕರಲ್ಲಿ ಹೂಡಿಕೆ ಶುರುವಾಗಲು ಅತಿ ಕಡಿಮೆ ಮೊತ್ತ ಸಾಕಾಗುವುದು ಇದಕ್ಕೇ. ಬೆಲೆ ತೆರುವುದು ಸಮಯದಲ್ಲಿ: ನಕ್ಷೆಯಿಂದ ಕಟ್ಟಿದರೆ ಸಾವಿರದಿಂದ ಒಂದೂವರೆ ಸಾವಿರ ಗಂಟೆ ಸಾಮಾನ್ಯ.

ತೊಂದರೆ ಕಟ್ಟಿಗೆಯದಲ್ಲ, ತೇವದ ಏರಿಳಿತದ್ದು. ವಿಮಾನಕ್ಕೆ ಬಳಸುವ ಹಗುರ ಸ್ಪ್ರೂಸ್ ಮರದ ಬಲದ ಅಂಕಿಗಳು ಶೇ 12ರ ತೇವಕ್ಕೆ ಬರೆದವು. ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಯಲ್ಲಿ ಕಟ್ಟಿಗೆ ಶೇ 5ರ ಹತ್ತಿರಕ್ಕೆ ಒಣಗಿ ಕುಗ್ಗುತ್ತದೆ. ಆಗಸ್ಟಿನಲ್ಲಿ ಶೇ 15ಕ್ಕೆ ಏರಿ ಉಬ್ಬುತ್ತದೆ. ಪರಿಣಾಮ ಕಾಣುವುದು ಬೋಲ್ಟುಗಳಲ್ಲಿ. ಮಳೆಗಾಲದಲ್ಲಿ ಬಿಗಿ ಮಾಡಿದ ರೆಕ್ಕೆಯ ಫಿಟ್ಟಿಂಗು, ಕಟ್ಟಿಗೆ ಪ್ರೊಪೆಲ್ಲರ್‌ನ ಹಬ್ ಬೋಲ್ಟು ಬೇಸಿಗೆಯಲ್ಲಿ ಸಡಿಲವಾಗುತ್ತವೆ. ಬೇಸಿಗೆಯಲ್ಲಿ ಬಿಗಿ ಮಾಡಿದ್ದು ಮಳೆಗಾಲದಲ್ಲಿ ನಾರನ್ನು ಜಜ್ಜುತ್ತದೆ. ಮಾರ್ಚ್‌ನಲ್ಲೊಮ್ಮೆ, ಜುಲೈನಲ್ಲೊಮ್ಮೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ನೋಡುವ ಶಿಸ್ತು ಇಲ್ಲದವರಿಗೆ ಕಟ್ಟಿಗೆ ವಿಮಾನ ಬೇಡ.

ಊರಿನ ಒಳ್ಳೆಯ ಬಡಿಗರ ಕೈ ಇದಕ್ಕೆ ಒದಗುತ್ತದೆ, ಆದರೆ ಅವರ ಸಾಮಾನು ಒದಗುವುದಿಲ್ಲ. ಸಾಗವಾನಿ ಬಲಿಷ್ಠ ನಿಜ, ಸ್ಪ್ರೂಸ್‌ಗಿಂತ ಒಂದೂವರೆ ಪಟ್ಟು ಭಾರ, ಮೇಲಾಗಿ ಅದರ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಐಎಸ್ 710 ಮೆರೀನ್ ಪ್ಲೈವುಡ್ ಅಡುಗೆಮನೆಗೆ ಸೈ, ರೆಕ್ಕೆಗೆ ಅಲ್ಲ. ಒಳಪದರದ ಖಾಲಿಜಾಗ ಹೊರಗೆ ಕಾಣದು. ಬಿಳಿ ಅಂಟಂತೂ ಮುಟ್ಟಲೇಬೇಡಿ, ಭಾರ ಹೊತ್ತು ಬಿಸಿಯಲ್ಲಿ ನಿಂತರೆ ಮೆಲ್ಲಗೆ ಜಾರುತ್ತದೆ. ಟಿ-88ರಂಥ, ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟೇ ಬೇಕು, ಕ್ಲಾಂಪ್ ಅತಿಯಾಗಿ ಬಿಗಿದು ಅಂಟನ್ನು ಹಿಂಡಿ ಹೊರಹಾಕಬಾರದು. ನಾರಿನ ಓರೆ 15 ಇಂಚು ಉದ್ದಕ್ಕೆ 1 ಇಂಚಿಗಿಂತ ಹೆಚ್ಚಿರುವ ತುಂಡನ್ನು ಕಿಟಕಿ ಚೌಕಟ್ಟಿಗೆ ಕೊಟ್ಟುಬಿಡಿ. ಪ್ರತಿ ಬಾರಿ ಅಂಟು ಕಲಸಿದಾಗ ಅದೇ ಅಂಟಿನಿಂದ ಎರಡು ಚೂರು ಜೋಡಿಸಿಟ್ಟು ಮರುದಿನ ಸುತ್ತಿಗೆಯಿಂದ ಒಡೆಯಿರಿ. ಕಟ್ಟಿಗೆ ಸೀಳಿದರೆ ಸರಿ. ಅಂಟಿನ ಗೆರೆಯಲ್ಲೇ ನುಣ್ಣಗೆ ಬಿಟ್ಟರೆ ಆ ದಿನ ಕಟ್ಟಿದ್ದೆಲ್ಲ ಸಂಶಯದ್ದು.

ಮತ್ತೆ ಗೆದ್ದಲು. ಶೆಡ್ಡಿನ ಮಣ್ಣಿನ ನೆಲದ ಮೇಲೆ ನೇರವಾಗಿ ಏನನ್ನೂ ಇಡಕೂಡದು.

ಅಲ್ಯೂಮಿನಿಯಂ

ಝೆನಿತ್ ಸಿಎಚ್ 701, ಸಿಎಚ್ 750, ವ್ಯಾನ್ಸ್ ಆರ್‌ವಿ-12, ಸೋನೆಕ್ಸ್. ಇವುಗಳ ಗುಣ ಒಂದೇ ಮಾತಿನಲ್ಲಿ: ಹೆಚ್ಚಿನ ಜೋಡಣೆ ಒಂದೇ ಬದಿಯಿಂದ ಎಳೆಯುವ ರಿವೆಟ್‌ನಿಂದ. ಒಬ್ಬರೇ ಕೂತು ಮಾಡಬಹುದು, ವೆಲ್ಡಿಂಗ್ ಬಹಳ ಕಡಿಮೆ, ಬಿಸಿಲಿಗೆ ಹಾಳಾಗುವಂಥದ್ದು ಏನೂ ಇಲ್ಲ, ಮಂಗಳೂರಿನಂತೆ ಉಪ್ಪುಗಾಳಿಯ ತುಕ್ಕಿಲ್ಲ. ತಪ್ಪಾದ ರಿವೆಟ್ಟನ್ನು ಡ್ರಿಲ್ ಹಾಕಿ ತೆಗೆದು ಮತ್ತೆ ಹೊಡೆಯಬಹುದು. ಸಿಎಚ್ 701ರಂಥದ್ದು ನಿಧಾನಗತಿಯಲ್ಲೂ ಹಾರುತ್ತದೆ, ಚಿಕ್ಕ ರನ್‌ವೇ ಸಾಕು. ಗಂಟೆಗೆ 130 ಕಿಲೋಮೀಟರ್ ಆಸುಪಾಸಿನ ಕ್ರೂಸ್ ವೇಗಕ್ಕೆ ಒಪ್ಪಿಕೊಳ್ಳಬೇಕು ಅಷ್ಟೆ. ವೇಗ ಬೇಕಾದವರು ಆರ್‌ವಿ-12 ನೋಡಬೇಕು, ಅದಕ್ಕೆ ಒಳ್ಳೆಯ ರನ್‌ವೇ ಹುಡುಕಬೇಕು.

ನಮ್ಮ ಹವೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಅಲ್ಯೂಮಿನಿಯಂ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.023 ಮಿಲಿಮೀಟರ್ ಹಿಗ್ಗುತ್ತದೆ. 3 ಮೀಟರ್ ಹಾಳೆ 20 ಡಿಗ್ರಿ ಬಿಸಿಯಾದರೆ 1.4 ಮಿಲಿಮೀಟರ್ ಉದ್ದವಾಯಿತು. ಬೆಳಿಗ್ಗೆ ಆರಕ್ಕೆ ಒಂದು ತುದಿಯಿಂದ ರಂಧ್ರ ಕೊರೆಯಲು ಶುರು ಮಾಡಿ, ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಇನ್ನೊಂದು ತುದಿ ಮುಗಿಸಿದರೆ ಸಂಜೆ ಹೊತ್ತಿಗೆ ರೆಕ್ಕೆಯ ಹಾಳೆ ಒಂದು ಕಡೆ ಸೆಟೆದು, ಇನ್ನೊಂದು ಕಡೆ ಉಬ್ಬಿರುತ್ತದೆ. ಒತ್ತಿದರೆ ಎಣ್ಣೆ ಡಬ್ಬಿಯಂತೆ ಟಕ್ ಎನ್ನುತ್ತದೆ. ಒಂದು ಹಾಳೆಯ ಕೊರೆತವನ್ನೂ ರಿವೆಟ್ಟನ್ನೂ ಒಂದೇ ಉಷ್ಣಾಂಶದಲ್ಲಿ, ಬೆಳಗಿನ ಐದರಿಂದ ಒಂಬತ್ತರ ಒಳಗೆ ಮುಗಿಸಿ. ನಡುವಿನಿಂದ ಎರಡೂ ತುದಿಗೆ ಹೋಗಿ, ಪ್ರತಿ ನಾಲ್ಕನೇ ರಂಧ್ರಕ್ಕೆ ಕ್ಲೆಕೋ (ಹಾಳೆಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್ನು) ಸಿಕ್ಕಿಸುತ್ತ ಸಾಗಿ. ಕ್ಲೆಕೋ ಇನ್ನೂರಕ್ಕಿಂತ ಕಡಿಮೆ ಇದ್ದರೆ ಕೆಲಸ ಮಾಡಲಾಗದು.

ಎರಡನೇ ತಪ್ಪು ಹಾರ್ಡ್‌ವೇರ್ ಅಂಗಡಿಯದ್ದು. ಬೋರ್ಡು, ಫಾಲ್ಸ್ ಸೀಲಿಂಗಿಗೆ ಹೊಡೆಯುವ ಪಾಪ್ ರಿವೆಟ್ ನೋಡಲು ಅದೇ ತರಹ, ಆದರೆ ಮೆದು ಲೋಹ. ಎಳೆದ ಮೇಲೆ ನಡುವಿನ ಮೊಳೆ ಉದುರಿಹೋಗುತ್ತದೆ. ವಿಮಾನಕ್ಕೆ ನಕ್ಷೆಯಲ್ಲಿ ಹೇಳಿದ ರಿವೆಟ್ಟೇ ಆಗಬೇಕು. ಡ್ರಿಲ್ ಬಿಟ್ಟೂ ಹಾಗೆಯೇ: 1/8 ಇಂಚಿನ ರಿವೆಟ್‌ಗೆ 30ನೇ ನಂಬರಿನ ಬಿಟ್, ಅಂದರೆ 3.26 ಮಿಲಿಮೀಟರ್. ಅಂಗಡಿಯ 3.5 ಮಿಲಿಮೀಟರ್ ಬಿಟ್‌ನಲ್ಲಿ ಕೊರೆದರೆ ರಿವೆಟ್ ರಂಧ್ರ ತುಂಬುವುದಿಲ್ಲ, ಕೆಲವು ಗಂಟೆ ಹಾರಾಟಕ್ಕೇ ಸುತ್ತ ಕಪ್ಪು ಪುಡಿ ಕಾಣಿಸಿಕೊಳ್ಳುತ್ತದೆ. ಆ ಕಪ್ಪು ಪುಡಿ ಲೋಹ ಲೋಹಕ್ಕೆ ತಿಕ್ಕಿದ್ದರ ಗುರುತು, ಒರೆಸಿ ಸುಮ್ಮನಾಗುವಂಥದ್ದಲ್ಲ. ರಂಧ್ರದ ನಡುವಿನಿಂದ ಹಾಳೆಯ ಅಂಚಿಗೆ ಕನಿಷ್ಠ ರಿವೆಟ್ ವ್ಯಾಸದ ಎರಡರಷ್ಟು ಜಾಗ ಬೇಕು, ಕೊರೆದ ಮೇಲೆ ರಂಧ್ರದಂಚಿನ ಚೂಪು ಚುಂಗು ಕೆರೆದು ತೆಗೆಯಬೇಕು, ಎರಡು ಹಾಳೆ ಕೂಡುವ ಮುಖಗಳಿಗೆ ಪ್ರೈಮರ್ ಹಚ್ಚಬೇಕು.

ಕೆಲಸದ ಮೇಜಿನ ಮಾತು. ಫರಸಿ ಹಾಸಿದ ನೆಲ ಮಟ್ಟಸ ಕಾಣುತ್ತದೆ, ಇರುವುದಿಲ್ಲ. ಮೂರೂವರೆ ಮೀಟರ್ ಉದ್ದದ ಮೇಜನ್ನು ಗೌಂಡಿಗಳ ನೀರಿನ ಪೈಪಿನಿಂದ ಮಟ್ಟ ಮಾಡಿ. ರೆಕ್ಕೆಯ ತಿರುಚು ಒಮ್ಮೆ ರಿವೆಟ್ ಆದ ಮೇಲೆ ಹೋಗದು, ಹಾರುವಾಗ ವಿಮಾನ ಸದಾ ಒಂದು ಕಡೆ ವಾಲುತ್ತದೆ.

ಪೈಪು ಮತ್ತು ಬಟ್ಟೆ

ಇದರಲ್ಲಿ ಎರಡು ಜಾತಿ. ಅಲ್ಯೂಮಿನಿಯಂ ಪೈಪುಗಳನ್ನು ಬೋಲ್ಟ್ ಮಾಡಿ ಹೊಲಿದ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯನ್ನು ಗವಸಿನಂತೆ ತೊಡಿಸುವುದು ಒಂದು. ಬೆಂಗಳೂರಿನ ರಾಜ್‌ಹಂಸ ಅಲ್ಟ್ರಾಲೈಟ್ಸ್‌ನ ಎಕ್ಸ್-ಏರ್ ಇದೇ ಬಗೆ, ಕರ್ನಾಟಕದ್ದೇ ವಿಮಾನ. ಕಿಟ್‌ಫಾಕ್ಸ್‌ನಂತೆ ಒಡಲಿಗೆ 4130 ಎಂಬ ಮಿಶ್ರ ಉಕ್ಕಿನ ಪೈಪು ವೆಲ್ಡ್ ಮಾಡಿ, ಪಾಲಿಯೆಸ್ಟರ್ ಬಟ್ಟೆ ಅಂಟಿಸಿ ಇಸ್ತ್ರಿಯಿಂದ ಬಿಗಿಸಿ ಬಣ್ಣ ಹಚ್ಚುವುದು ಇನ್ನೊಂದು.

ಗವಸಿನ ಜಾತಿ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ, ಸೋವಿ, ಬಿದ್ದರೆ ಬಾಗಿದ ಪೈಪು ಬದಲಿಸಿದರಾಯಿತು. ಶತ್ರು ಬಿಸಿಲು. ಬಣ್ಣವಿಲ್ಲದ ಡೇಕ್ರಾನ್ ಅಂಗಳದಲ್ಲಿ ನಿಂತರೆ ಕೆಲವೇ ಬೇಸಿಗೆಗೆ ಬಲ ಕಳೆದುಕೊಳ್ಳುತ್ತದೆ. ಹೊಲಿಗೆಯ ದಾರ ಬಟ್ಟೆಗಿಂತ ಮೊದಲು ಹೋಗುತ್ತದೆ. ಬೆಟ್ಸೋಮೀಟರ್ ಎಂಬ ಸೂಜಿ-ಸ್ಪ್ರಿಂಗ್ ಉಪಕರಣದಿಂದ ರೆಕ್ಕೆಯ ಮೇಲ್ಮೈಯನ್ನು ವರ್ಷಕ್ಕೊಮ್ಮೆ ಎಳೆದು ನೋಡಬೇಕು, ಕೆಳಮೈ ನೋಡಿ ಸಮಾಧಾನಪಟ್ಟರೆ ಉಪಯೋಗವಿಲ್ಲ. ನೆರಳಿರುವ ಶೆಡ್ಡು ಇಲ್ಲದವರಿಗೆ ಇದು ಸೋವಿಯಲ್ಲ. ಪೈಪಿನ ಬೋಲ್ಟ್ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ಎಂದು ಪ್ರತಿ 25 ಗಂಟೆಗೆ ಕೈಯಲ್ಲಿ ಅಲುಗಾಡಿಸಿ ನೋಡಿ.

ಬಣ್ಣ ಹಚ್ಚಿದ ಬಟ್ಟೆ ದೀರ್ಘಾಯುಷಿ, ಯಾಕೆಂದರೆ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಪುಡಿಯ ಪದರ ಬಿಸಿಲನ್ನು ತಡೆಯುತ್ತದೆ. ಇಸ್ತ್ರಿಯನ್ನು ಮೂರು ಹಂತದಲ್ಲಿ ಬಿಡಬೇಕು: 121, 149, ಕೊನೆಗೆ 177 ಡಿಗ್ರಿ. ಮನೆಯ ಇಸ್ತ್ರಿಯ ಗುಂಡಿಯನ್ನು ನಂಬದೆ ತಳಕ್ಕೆ ಥರ್ಮಾಮೀಟರ್ ಹಿಡಿದು ಗುರುತು ಹಾಕಿಕೊಳ್ಳಿ; 177 ದಾಟಿದರೆ ಬಟ್ಟೆ ಬಿಗಿಯುವ ಬದಲು ಸಡಿಲಾಗುತ್ತದೆ. ವೆಲ್ಡಿಂಗ್ ವಿಷಯದಲ್ಲಿ ಮೊಂಡುತನ ಬೇಡ. ಕಲಬುರಗಿಯ ಕಪನೂರು, ಬೀದರಿನ ಕೊಳಾರದಂಥ ಕೈಗಾರಿಕಾ ಪ್ರದೇಶದಲ್ಲಿ ಟಿಗ್ ವೆಲ್ಡರ್ ಸಿಗಬಹುದು, ಆದರೆ 0.9 ಮಿಲಿಮೀಟರ್ ಗೋಡೆಯ ಪೈಪು ಗೇಟು-ಟ್ರಾಲಿ ಬೆಸೆದ ಕೈಗೆ ಹೊಸದು. ಒಡಲನ್ನು ಕಾರ್ಖಾನೆಯಲ್ಲೇ ಬೆಸೆದು ಕೊಡುವ ಕಿಟ್ ತರಿಸಿ, ರೆಕ್ಕೆ ಮಾತ್ರ ನೀವು ಕಟ್ಟಿ.

ಇವೆಲ್ಲ ಹಗುರ ರೆಕ್ಕೆಯವು. ಹತ್ತು ಗಂಟೆಯ ನಂತರ ಎರೆಹೊಲದಿಂದ ಏಳುವ ಬಿಸಿಗಾಳಿ, ಸುಳಿಗಾಳಿಯ ನಡುವೆ ಇವು ಎಲೆಯಂತೆ ತೂರಾಡುತ್ತವೆ. ಬೆಳಗಿನ ಆರರಿಂದ ಒಂಬತ್ತು ಇವುಗಳ ಹೊತ್ತು.

ಫೈಬರ್

ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾಲಯ ಎನ್‌ಎಎಲ್ ಕಟ್ಟಿದ ಹಂಸ-3 ಗ್ಲಾಸ್ ಫೈಬರಿನದ್ದು, ಹಂಸದ ಮೊದಲ ಮಾದರಿ 1993ರಲ್ಲೇ ಹಾರಿತ್ತು. ಹಾಗಾಗಿ ಫೈಬರ್ ನಮ್ಮ ದೇಶದ ಬಿಸಿಲಿಗೆ ಆಗದು ಎನ್ನುವಂತಿಲ್ಲ. ಆದರೆ ಅದು ಪ್ರಯೋಗಾಲಯದ ಶಿಸ್ತಿನಲ್ಲಿ ತಯಾರಾದದ್ದು. ಲಾಂಗ್-ಈಝೀ ತರಹ ಫೋಮ್ ಕತ್ತರಿಸಿ ಮೇಲೆ ಗ್ಲಾಸ್ ಬಟ್ಟೆ, ಎಪಾಕ್ಸಿ ಹಚ್ಚಿ ಮನೆಯಲ್ಲಿ ಕಟ್ಟುವುದು ಬೇರೆ ಮಾತು. ಉಷ್ಣಾಂಶ 10 ಡಿಗ್ರಿ ಏರಿದರೆ ಕಲಸಿದ ಎಪಾಕ್ಸಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. 25 ಡಿಗ್ರಿಯಲ್ಲಿ 40 ನಿಮಿಷ ಸಿಗುವುದು ನಮ್ಮ ಶೆಡ್ಡಿನಲ್ಲಿ ಹದಿನೈದಕ್ಕೆ ಬಂದು, ಬಟ್ಟಲಲ್ಲೇ ಹೊಗೆಯಾಡಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಮೇಲೆ ಮೇಣದಂಥ ಪೊರೆ ಕಟ್ಟಿ ಮುಂದಿನ ಪದರ ಹಿಡಿಯುವುದಿಲ್ಲ. ಬೆಚ್ಚಗಿನ ನೀರಿನಿಂದ ತೊಳೆದು ಉಜ್ಜಿಯೇ ಮುಂದುವರಿಯಬೇಕು. ಎಸಿ ಹಾಕಿದ ಕೋಣೆ, ಗ್ರಾಮಿನಲ್ಲಿ ತೂಗುವ ತಕ್ಕಡಿ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಬಣ್ಣ ಬಿಳಿಯೇ ಆಗಬೇಕು. ಕಡುಬಣ್ಣ ಮೇ ಬಿಸಿಲಿಗೆ ಎಪಾಕ್ಸಿ ಮೆದುವಾಗುವ ಮಟ್ಟಕ್ಕೆ ಕಾಯುತ್ತದೆ. ಒಳಗಿನ ಗಾಳಿಗುಳ್ಳೆ, ಪದರ ಬಿಟ್ಟದ್ದು ನಾಣ್ಯದಿಂದ ತಟ್ಟಿ ಕೇಳಿದರೆ ಮಾತ್ರ ತಿಳಿಯುತ್ತದೆ. ಲಾಂಗ್-ಈಝೀಗೆ ಉದ್ದದ ಡಾಂಬರು ರನ್‌ವೇ ಬೇಕು. ಇಂಧನ ಕಡಿಮೆ ಕುಡಿದು ದೂರ, ವೇಗವಾಗಿ ಹೋಗುವ ಆಸೆ ಇದ್ದು, ಕಲಬುರಗಿ ನಿಲ್ದಾಣದಲ್ಲೇ ಜಾಗ ಸಿಕ್ಕರೆ ಮಾತ್ರ ಯೋಚಿಸುವ ಆಯ್ಕೆ.

ಎಂಜಿನ್, ಮತ್ತು ಅದರೊಳಗೆ ಹಾಕುವ ಪೆಟ್ರೋಲ್

ರೋಟಾಕ್ಸ್ 582 ಎರಡು ಸ್ಟ್ರೋಕಿನ 65 ಅಶ್ವಶಕ್ತಿಯದು: ಹಗುರ, ಸೋವಿ, 300 ಗಂಟೆಗೆ ಪೂರ್ತಿ ಬಿಚ್ಚಬೇಕು, ಗಂಟೆಗೆ 18ರಿಂದ 20 ಲೀಟರ್ ಕುಡಿಯುತ್ತದೆ. ರೋಟಾಕ್ಸ್ 912 ನಾಲ್ಕು ಸ್ಟ್ರೋಕಿನದು, 80 ಅಥವಾ 100 ಅಶ್ವಶಕ್ತಿ, 2,000 ಗಂಟೆ ಬಾಳಿಕೆ. ಹೊಸದಕ್ಕೆ 20 ಲಕ್ಷ ರೂಪಾಯಿ ದಾಟುತ್ತದೆ. ಸಿಲಿಂಡರ್ ಹೆಡ್ಡಿಗೆ ನೀರಿನ ತಂಪಿರುವುದು ನಮ್ಮ ಬಿಸಿಲಿಗೆ ದೊಡ್ಡ ಆಸ್ತಿ. ಗಾಳಿಯಿಂದ ತಂಪಾಗುವ ಜಬಿರು 2200, ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್ ಎರಡೂ ಸರಳ, ಆದರೆ ಮೇ ತಿಂಗಳ ಏರಿಕೆಯಲ್ಲಿ ಹೆಡ್ಡಿನ ಉಷ್ಣಾಂಶ ಮಿತಿ ಮುಟ್ಟುತ್ತದೆ. ಗಾಳಿ ಹಾಯಿಸುವ ತಗಡಿನ ಸಂದುಗಳನ್ನು ರಬ್ಬರಿನಿಂದ ಮುಚ್ಚುವ ತಾಳ್ಮೆ ಇರಬೇಕು. ಇಬ್ಬರು ಕೂರುವ ವಿಮಾನಕ್ಕೆ ಇಲ್ಲಿ 80ಕ್ಕಿಂತ ಕಡಿಮೆ ಶಕ್ತಿ ಹಾಕಬಾರದು. ಗಾಳಿ ಫಿಲ್ಟರನ್ನು ಕೈಪಿಡಿ ಹೇಳಿದ್ದಕ್ಕಿಂತ ಅರ್ಧ ಅವಧಿಗೇ ತೊಳೆಯಿರಿ. ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನಯ.

ಪೆಟ್ರೋಲಿನ ತೊಡಕು ಇದಕ್ಕಿಂತ ದೊಡ್ಡದು. 912ಕ್ಕೆ ರೋಟಾಕ್ಸ್ ಒಪ್ಪುವುದು ಶೇ 10ರವರೆಗಿನ ಎಥನಾಲ್. ಬಂಕಿನಲ್ಲಿ ಸಿಗುವುದು ಶೇ 20ರದ್ದು. ಎಥನಾಲ್ ನೀರು ಹೀರುತ್ತದೆ, ತಂಪಾದಾಗ ನೀರು-ಎಥನಾಲ್ ತಳಕ್ಕೆ ಬೇರ್ಪಟ್ಟು ಮೊದಲು ಎಂಜಿನ್‌ಗೆ ಹೋಗುವುದೇ ಅದು. ಫೈಬರ್ ಟ್ಯಾಂಕಿನ ರಾಳವನ್ನೂ ಕಾಲಕ್ರಮೇಣ ತಿನ್ನುತ್ತದೆ, ಆದ್ದರಿಂದ ಟ್ಯಾಂಕು ಅಲ್ಯೂಮಿನಿಯಮ್ಮಿನದೇ ಇರಲಿ. ಪರೀಕ್ಷೆ ಸುಲಭ: ಗೆರೆ ಇರುವ ಗಾಜಿನ ಜಾಡಿಗೆ 20 ಮಿಲಿಲೀಟರ್ ನೀರು, ಮೇಲೆ 80 ಮಿಲಿಲೀಟರ್ ಪೆಟ್ರೋಲ್ ಹಾಕಿ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ತಳದ ಪದರ 20ರ ಗೆರೆಯಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರ ಬಂದರೆ ಶೇ 10, 36ರ ಹತ್ತಿರ ಬಂದರೆ ಶೇ 20. ದೊಡ್ಡ ನಗರದ ಆಯ್ದ ಬಂಕುಗಳ 100 ಆಕ್ಟೇನ್ ಪೆಟ್ರೋಲ್ ತಂದರೂ ಈ ಪರೀಕ್ಷೆ ಮಾಡಿಯೇ ಸುರಿಯಿರಿ. ನೀರಿನಿಂದ ತೊಳೆದು ಎಥನಾಲ್ ತೆಗೆಯುವ ಜಾಣತನ ಬೇಡ; ಅದರ ಜೊತೆ ಆಕ್ಟೇನೂ ಇಳಿದು ಎಂಜಿನ್ ಕುಟ್ಟಲು ಶುರುವಾಗುತ್ತದೆ.

ವಿಮಾನದ್ದೇ ಇಂಧನವಾದ ಅವ್‌ಗ್ಯಾಸ್ 100 ಎಲ್‌ಎಲ್ ಅನ್ನು ಇಂಡಿಯನ್ ಆಯಿಲ್ 2022ರಿಂದ ದೇಶದಲ್ಲೇ ತಯಾರಿಸುತ್ತಿದೆ. ತರಬೇತಿ ಶಾಲೆಗಳಿರುವ ಕಡೆ ವಿಚಾರಿಸಬಹುದು. ಅದರಲ್ಲಿ ಸೀಸವಿರುತ್ತದೆ, ಎಥನಾಲ್ ಇರುವುದಿಲ್ಲ. ಬಹುಪಾಲು ಅದನ್ನೇ ಉರಿಸಿದರೆ 912ರ ಎಂಜಿನ್ ಆಯಿಲ್ಲನ್ನು 25ರಿಂದ 50 ಗಂಟೆಯೊಳಗೆ ಬದಲಿಸಿ, ಪ್ಲಗ್ಗಿನ ತುದಿಯ ಬೂದು ಕಣಗಳನ್ನು ನೋಡುತ್ತಿರಬೇಕು. ಬಿಸಿಲಲ್ಲಿ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಎಂಜಿನ್ ಕೆಮ್ಮುವುದನ್ನು ತಡೆಯಲು ಟ್ಯಾಂಕಿಗೆ ಹಿಂದಿರುಗುವ ಪೈಪು, ಅದರಲ್ಲಿ 0.35 ಮಿಲಿಮೀಟರ್ ರಂಧ್ರದ ತಡೆ, ಎಂಜಿನ್ ಹತ್ತಿರದ ಪೈಪಿಗೆ ಬೆಂಕಿ ತಡೆಯುವ ಹೊದಿಕೆ ಇವು ಮೂರೂ ಬೇಕು.

ಹಾಗಾದರೆ ಯಾರಿಗೆ ಯಾವುದು

ಸಂಬಳದಾರರು, ವಾರಕ್ಕೆ ಹತ್ತು ಗಂಟೆ ಕೊಡಬಲ್ಲವರು, ಹೊಲದಲ್ಲೋ ಮುರುಮಿನ ಪಟ್ಟಿಯ ಮೇಲೋ ಇಳಿಯುವವರು: ಸಿಎಚ್ 701 ಬಗೆಯ ಅಲ್ಯೂಮಿನಿಯಂ ಕಿಟ್, 912. ನಾಲ್ಕರಲ್ಲಿ ಈ ಸೀಮೆಗೆ ಹೆಚ್ಚು ಒಗ್ಗುವುದು ಇದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರ ಗರಿಷ್ಠ ತೂಕ ಡಿಜಿಸಿಎಯ ಯಾವ ವರ್ಗಕ್ಕೆ ಕೂಡುತ್ತದೆ ಎಂಬ ಉತ್ತರ ಕೈಯಲ್ಲಿರಲಿ. ಬೆಳಗಿನ ಹೊತ್ತು ಊರ ಸುತ್ತ ಒಂದು ತಾಸು ಹಾರಿದರೆ ಸಾಕು, ದುಡ್ಡು ಕಡಿಮೆ, ಶೆಡ್ಡು ಮಾತ್ರ ಗಟ್ಟಿ ಇದೆ ಎನ್ನುವವರಿಗೆ ಗವಸಿನ ಬಟ್ಟೆಯ ವಿಮಾನ. ದೇಶದಲ್ಲೇ ತಯಾರಾದದ್ದಾದರೆ ಬಿಡಿಭಾಗಕ್ಕೆ ಕಸ್ಟಮ್ಸ್ ಕಾಯುವ ಪಾಡಿಲ್ಲ. ಮನೆಯಲ್ಲಿ ಬಡಿಗತನದ ಕೈ ಇದ್ದು, ಐದಾರು ವರ್ಷ ಕಾಯಲು ಬೇಸರವಿಲ್ಲದವರಿಗೆ ಕಟ್ಟಿಗೆ. ಫೈಬರ್ ಯಾರಿಗೆ ಎಂದು ಮೇಲೆ ಹೇಳಿಯಾಗಿದೆ.

ಯಾವುದನ್ನೇ ಆರಿಸಿದರೂ ಪೂರ್ತಿ ಕಿಟ್‌ಗೆ ಒಮ್ಮೆಲೇ ದುಡ್ಡು ಕಟ್ಟಬೇಡಿ. ಝೆನಿತ್‌ನಂಥವರು ಬಾಲದ ರಡರ್ ಒಂದನ್ನೇ ಬೇರೆ ಕಿಟ್ಟಾಗಿ ಕೊಡುತ್ತಾರೆ. ಕಟ್ಟಿಗೆಯಾದರೆ ಒಂದು ರಡರ್‌ಗೆ ಬೇಕಾದಷ್ಟೇ ಸಾಮಾನು ತರಿಸಿ. ಅದನ್ನು ಕಟ್ಟಿ, ಪ್ರತಿ ಹಂತದ ಫೋಟೊ, ತಾರೀಖು, ಸಾಮಾನಿನ ಪ್ರಮಾಣಪತ್ರ ಒಂದು ದಪ್ಪ ವಹಿಯಲ್ಲಿ ಅಂಟಿಸಿ. ಒಳಗಿನ ಜೋಡಣೆ ಮುಚ್ಚುವ ಮೊದಲು ವಿಮಾನ ರಿಪೇರಿಯ ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಅವರು ತಪ್ಪು ಎಂದ ರಿವೆಟ್ಟನ್ನೋ ಅಂಟನ್ನೋ ಅವರ ಎದುರೇ ಬಿಚ್ಚಿ ಮತ್ತೆ ಮಾಡಿ. ಆ ವಹಿಯನ್ನೇ ಮುಂದೆ ಇನ್‌ಸ್ಪೆಕ್ಟರ್ ಕೇಳುತ್ತಾರೆ.